ಫೋನಿನಲ್ಲಿರುವ ಆಧಾರ್ ಫೋಟೋ ನಂಬಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬೇಡಿ

ಕಳೆದ ತಿಂಗಳು ಅಮ್ಮನನ್ನು ಕರೆದುಕೊಂಡು ದೊಡ್ಡಮ್ಮನನ್ನು ನೋಡಲು ಹೊರಟಿದ್ದೆ. ದೊಡ್ಡಮ್ಮ ಐಸಿಯುನಲ್ಲಿದ್ದರು, ಬೇಗ ಬನ್ನಿ ಎಂದು ಅಣ್ಣ ಫೋನ್ ಮಾಡಿದ್ದ. ರೈಲಿನಲ್ಲಿ ಹೋದರೆ ತಡವಾಗುತ್ತದೆಂದು ರಾತ್ರೋರಾತ್ರಿ ವಿಮಾನದ ಟಿಕೆಟ್ ಮಾಡಿಸಿದೆ. ಆ ವಿಮಾನ ನಮಗೆ ಸಿಗಲಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ದಯವಿಟ್ಟು ಪೂರ್ತಿ ಓದಿ.

ಅವಸರದಲ್ಲಿ ಅಮ್ಮ ಆಧಾರ್ ಕಾರ್ಡನ್ನು ಬೀರುವಿನಲ್ಲೇ ಬಿಟ್ಟು ಬಂದಿದ್ದರು. ಅರ್ಧ ದಾರಿಯಲ್ಲಿ ನೆನಪಾಗಿ, "ವಾಪಸ್ ಹೋಗಿ ತರೋಣ್ವಾ?" ಎಂದು ಕೇಳಿದರು. "ಬೇಡಮ್ಮ, ನನ್ನ ಫೋನಲ್ಲಿ ಫೋಟೋ ಇದೆ" ಎಂದವಳು ನಾನೇ. ಆಗ ಹೋಗಿ ಬರುವಷ್ಟು ಸಮಯವೂ ಇತ್ತು.

ಬಾಗಿಲಲ್ಲಿದ್ದ ಭದ್ರತಾ ಸಿಬ್ಬಂದಿ ಫೋಟೋ ನೋಡಿ, ಇದು ನಡೆಯೋದಿಲ್ಲ, ಒರಿಜಿನಲ್ ಕೊಡಿ, ಇಲ್ಲವೇ ಸರ್ಕಾರದ ಆ್ಯಪ್‌ಗಳಾದ ಎಂ-ಆಧಾರ್ ಅಥವಾ ಡಿಜಿಲಾಕರ್ ತೆರೆದು ತೋರಿಸಿ ಎಂದರು. "ಫೋಟೋದಲ್ಲಿರೋದು ನಾನೇ ಅಲ್ವೇನಪ್ಪ?" ಎಂದು ಅಮ್ಮ ಕೇಳಿದರು. ಆ ಹುಡುಗ ಒರಟಾಗಿಯೇನೂ ಮಾತಾಡಲಿಲ್ಲ, ಆದರೆ ಒಳಗೆ ಬಿಡಲೂ ಇಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಯಾರು ಬೇಕಾದರೂ ತಿದ್ದಬಹುದಾದ ಚಿತ್ರವನ್ನು ಅವರು ಹೇಗೆ ಒಪ್ಪಬೇಕು?

ಪಕ್ಕಕ್ಕೆ ನಿಂತು ಅಮ್ಮನ ಹೆಸರಲ್ಲಿ ಡಿಜಿಲಾಕರ್ ಖಾತೆ ತೆರೆಯಲು ಕೂತೆ. ಆಧಾರ್ ನಂಬರ್ ಹಾಕಿದ ಮೇಲೆ ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಮಾತ್ರ. ಅಮ್ಮನ ಆಧಾರ್‌ಗೆ ಜೋಡಿಸಿದ್ದು ಅಪ್ಪನ ನಂಬರು. ಅಪ್ಪ ತೀರಿಕೊಂಡು ಮೂರು ವರ್ಷವಾಯಿತು, ಸಿಮ್ ಯಾವತ್ತೋ ನಿಂತುಹೋಗಿದೆ. ಎಂ-ಆಧಾರ್‌ನಲ್ಲೂ ಅದೇ ಕಥೆ. ನಾಲ್ಕು ಸಲ ಒತ್ತಿದೆ. ಒಟಿಪಿ ಬರಲಿಲ್ಲ, ಚೆಕ್-ಇನ್ ಕೌಂಟರ್ ಮುಚ್ಚಿತು.

ಇನ್ನೂ ಹೊಟ್ಟೆ ಉರಿಸುವ ಸಂಗತಿ ಆಮೇಲೆ ಗೊತ್ತಾಯಿತು. ಅಮ್ಮ ನಿವೃತ್ತ ಶಿಕ್ಷಕಿ. ಫೋಟೋ ಇರುವ ಅವರ ಪಿಂಚಣಿ ಕಾರ್ಡ್ ಅಷ್ಟು ಹೊತ್ತೂ ಕೈಚೀಲದಲ್ಲೇ ಇತ್ತು! ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2017ರಲ್ಲಿ ಹೊರಡಿಸಿದ ಪಟ್ಟಿಯಲ್ಲಿ ಪಿಂಚಣಿ ಕಾರ್ಡೂ ಸೇರಿದೆ. ಪಾಸ್‌ಪೋರ್ಟ್, ಮತದಾರರ ಚೀಟಿ, ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್ ಎಲ್ಲರಿಗೂ ಗೊತ್ತು. ಅವುಗಳ ಜೊತೆ ನೌಕರಿಯ ಗುರುತಿನ ಚೀಟಿ, ವಿದ್ಯಾರ್ಥಿಗಳ ಚೀಟಿ, ಅಂಗವಿಕಲರ ಗುರುತಿನ ಚೀಟಿ, ದೃಢೀಕರಿಸಿದ ಫೋಟೋ ಇರುವ ರಾಷ್ಟ್ರೀಕೃತ ಬ್ಯಾಂಕಿನ ಪಾಸ್‌ಬುಕ್ ಕೂಡ ನಡೆಯುತ್ತವೆ. ಯಾವುದಾದರೂ ಒಂದು ಸಾಕು, ಆದರೆ ಮೂಲ ಪ್ರತಿಯೇ ಬೇಕು. ಜೆರಾಕ್ಸ್‌ಗೆ ಲ್ಯಾಮಿನೇಷನ್ ಮಾಡಿಸಿದರೂ ಅದು ಜೆರಾಕ್ಸೇ. ಟಿಕೆಟ್‌ನಲ್ಲಿರುವ ಹೆಸರು ಚೀಟಿಯ ಹೆಸರಿಗೆ ಹೊಂದುತ್ತದೆಯೇ ಎಂದೂ ನೋಡಿಕೊಳ್ಳಿ.

ಗುರುತಿನ ಚೀಟಿ ಇರುವ ತಂದೆ ಅಥವಾ ತಾಯಿಯ ಜೊತೆ ಹೊರಟ ಮಕ್ಕಳಿಗೆ ಬೇರೆ ಚೀಟಿ ಬೇಡ. ಎರಡು ವರ್ಷದೊಳಗಿನ ಕೂಸಿದ್ದರೆ ಮಾತ್ರ ಜನನ ಪ್ರಮಾಣಪತ್ರ ಇಟ್ಟುಕೊಳ್ಳಿ, ವಯಸ್ಸಿಗೆ ಪುರಾವೆ ಕೇಳುತ್ತಾರೆ.

ನಾವು ಮನೆಗೆ ಹೋಗಿ ಕಾರ್ಡ್ ತಂದು ಮರುದಿನದ ವಿಮಾನ ಹಿಡಿದೆವು. ಅಷ್ಟರಲ್ಲಿ ದೊಡ್ಡಮ್ಮನಿಗೆ ಮಾತು ನಿಂತಿತ್ತು. ಅಮ್ಮ ಅವರ ಕೈ ಹಿಡಿದು ಕೂತಿದ್ದರು. ಹಿಂದಿನ ಸಂಜೆಯವರೆಗೂ ದೊಡ್ಡಮ್ಮ ಅಮ್ಮನ ಹೆಸರು ಹಿಡಿದು ಕೇಳುತ್ತಿದ್ದರಂತೆ.

ಊರಿಗೆ ಬಂದ ಮೇಲೆ ಆಧಾರ್ ಕೇಂದ್ರಕ್ಕೆ ಹೋಗಿ ಅಮ್ಮನದೇ ನಂಬರ್ ಹಾಕಿಸಿದೆ. ನಿಂತುಹೋದ ನಂಬರು ಕೆಲವು ತಿಂಗಳಲ್ಲಿ ಬೇರೆಯವರ ಕೈಸೇರಬಹುದು, ಆಮೇಲೆ ನಮ್ಮ ಒಟಿಪಿ ಅವರಿಗೆ ಹೋಗುತ್ತದೆ. ನಿಮ್ಮ ತಂದೆತಾಯಿಯ ಆಧಾರ್‌ಗೆ ಯಾವ ನಂಬರಿದೆ? ಪ್ರಯಾಣ ಇರಲಿ ಬಿಡಲಿ, ಇವತ್ತೇ ಅವರ ಪಕ್ಕ ಕೂತು ಒಮ್ಮೆ ಡಿಜಿಲಾಕರ್ ತೆರೆದು ನೋಡಿ.

ನಮ್ಮ ಹಾಗೆಯೇ ವಿಮಾನ ತಪ್ಪಿದವರಿಗೆ ಒಂದು ಮಾತು: ಟಿಕೆಟ್ ದುಡ್ಡು ಹೋದರೂ ಅದರಲ್ಲಿ ಸೇರಿರುವ ಸರ್ಕಾರಿ ತೆರಿಗೆ, ನಿಲ್ದಾಣದ ಬಳಕೆದಾರರ ಶುಲ್ಕ ವಾಪಸ್ ಕೊಡಬೇಕೆಂಬ ನಿಯಮವಿದೆ. ಬಾಯಿ ಬಿಟ್ಟು ಕೇಳಿ, ನಾನು ಕೇಳಿದ ಮೇಲೇ ಕೊಟ್ಟರು.