ಲೀನ್ ಯೋಜನೆ ಕಲಬುರಗಿಯ ದಾಲ್‌ಮಿಲ್‌ಗಳಿಗೆ ಎಷ್ಟು ಒಗ್ಗುತ್ತದೆ?

ಕೇಂದ್ರದ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮ) ಸಚಿವಾಲಯ 2023ರ ಮಾರ್ಚ್‌ನಲ್ಲಿ ಹೊಸ ರೂಪದಲ್ಲಿ ತಂದ ಲೀನ್ (ಪೋಲು ತಗ್ಗಿಸಿ ಉತ್ಪಾದಿಸುವ ವಿಧಾನ) ಯೋಜನೆಗೆ ಮೂರು ಹಂತ: ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್. ಬೇಸಿಕ್ ಪುಕ್ಕಟೆ, ಮೇಲಿನ ಎರಡಕ್ಕೆ ಸಲಹೆಗಾರರ ಖರ್ಚಿನಲ್ಲಿ 90% ಸರ್ಕಾರದ್ದು. ಉದ್ಯಮ್ ನೋಂದಣಿ ಇರಬೇಕು. ದುಡ್ಡಿನ ವಿಷಯದಲ್ಲಿ ತಕರಾರಿಲ್ಲ.

ಒಂದೇ ಮಿಲ್‌ನೊಳಗೆ 5ಎಸ್ (ಕೆಲಸದ ಜಾಗ ಓರಣವಾಗಿಡುವುದು), ಕೈಜೆನ್ (ದಿನದಿನವೂ ಸಣ್ಣ ಸುಧಾರಣೆ) ಚೆನ್ನಾಗಿಯೇ ನಡೆಯುತ್ತವೆ. ಅದಕ್ಕೆ ಐದರಲ್ಲಿ ನಾಲ್ಕು ಅಂಕ. ಒಂದು ಮಿಲ್ ಕಲಿತದ್ದು ಇನ್ನೊಂದಕ್ಕೆ ದಾಟಬೇಕಾದಾಗಲೇ ತೊಡಕು, ಅಲ್ಲಿ ಎರಡರ ಮೇಲೆ ಕೊಡಲಾಗದು. ಟೊಯೋಟಾದವರು ಯೊಕೊಟೆನ್ ಎಂದು ಮಾಡುವ ಕೆಲಸ ಇದೇ. ಅಲ್ಲಿ ನೆರೆಯ ವಿಭಾಗದವರು ಹೋಗಿ ಕಣ್ಣಾರೆ ನೋಡಿ, ತಮ್ಮಲ್ಲಿಗೆ ಹೊಂದಿಸಿಕೊಳ್ಳುತ್ತಾರೆ. ಇಲ್ಲಿ ಪಕ್ಕದ ಮಿಲ್ ಎಂದರೆ ಪೈಪೋಟಿಯವರು.

ಮೊದಲು ಕೆಡುವುದು ಲೆಕ್ಕ. ಮಹಾರಾಷ್ಟ್ರದ ಲಾತೂರಿನ ಮಿಲ್‌ನವರು ಕ್ವಿಂಟಲ್ ತೊಗರಿಗೆ 71.6 ಕೆ.ಜಿ. ಬೇಳೆ ಎಂದರೆ, 70 ತೆಗೆಯುವ ಇಲ್ಲಿನ ಮಿಲ್ ಸಿಪ್ಪೆ ಬಿಡಿಸುವ ರೋಲರನ್ನೇ ಬೈಯುತ್ತದೆ. ಆದರೆ 10% ತೇವದ 70 ಕೆ.ಜಿ. ಬೇಳೆಯೇ 12% ತೇವದಲ್ಲಿ 71.6 ಕೆ.ಜಿ. ತೂಗುತ್ತದೆ! ವ್ಯತ್ಯಾಸ ನೀರಿನದು, ಕೈಚಳಕದ್ದಲ್ಲ. ಹಾಗಾಗಿ ಹಂಚಿಕೊಳ್ಳುವ ಹಾಳೆಯಲ್ಲಿ ತಳಿ (ಟಿಎಸ್-3ಆರ್ ಅಥವಾ ಮಾರುತಿ), ಕಾಳಿನ ಗಾತ್ರ, ಒಳಬಂದ ತೇವ, ಹೊರಹೋದ ತೇವ, ಸಿಪ್ಪೆ ಸಡಿಲಿಸಲು ಹಚ್ಚಿದ ಎಣ್ಣೆಯ ಪ್ರಮಾಣ, ಒಣಗಿಸಿದ ತಾಸು, ರೋಲರ್ ಸಂದು ಇರಲೇಬೇಕು. ಬೇಳೆ, ನುಚ್ಚು, ಹೊಟ್ಟು, ಪುಡಿ, ಸಿಪ್ಪೆ ಬಿಡದ ಕಾಳು ಎಲ್ಲವನ್ನೂ ತೂಗಿ ಕೂಡಿಸಿ. ಒಣಗಿ ಹೋದ ನೀರು ಸೇರಿಸಿದರೂ ಹಾಕಿದ ತೂಕಕ್ಕೆ ಹೊಂದದಿದ್ದರೆ ಆ ಹಾಳೆ ಯಾರಿಗೂ ಕೊಡಬೇಡಿ. ಅಂಕಿ ಮಾತ್ರ ಬರೆದು ಕಾರಣ ಬಿಟ್ಟರೂ ಅಷ್ಟೇ: ಎಣ್ಣೆ ಯಾಕೆ ಹೆಚ್ಚಿಸಿದರು ಎಂದು ತಿಳಿಯದವರು ಸಡಿಲ ಸಿಪ್ಪೆಯ ಕಾಳಿಗೂ ಅಷ್ಟೇ ಸುರಿಯುತ್ತಾರೆ.

ಎರಡನೆಯದು ಜನ. ಒಂದೇ ಶೆಡ್ಡಿನಲ್ಲಿ ಕನ್ನಡ, ದಖನಿ, ಹಿಂದಿ. ಲಾತೂರಿನಿಂದ ಬಂದವರದು ಮರಾಠಿ. ಕೈಜೆನ್ ಬೋರ್ಡು ಖಾಲಿ ನೇತಾಡಲು ಭಾಷೆಗಿಂತ ಸಾಹುಕಾರರ ಎದುರು ತಪ್ಪು ಹೇಳುವ ಅಂಜಿಕೆ ದೊಡ್ಡದು. ಮುಕದ್ದಮನೇ (ಆಳುಗಳ ಮೇಸ್ತ್ರಿ) ಹೆಸರಿಲ್ಲದೆ ದೂರು ಬರೆದುಕೊಳ್ಳಲಿ, ಮಾಲೀಕರು ಆ ಹೊತ್ತು ಹೊರಗಿರಲಿ. ಕಲಿತದ್ದು ಹಂಚಿಕೊಳ್ಳಲು ಮಿಲ್ ಮಾಲೀಕರು ಕೂಡುವ ಬೈಠಕ್‌ನಲ್ಲಿ ದರ ಮತ್ತು ಗಿರಾಕಿಗಳ ಮಾತು ಬರಕೂಡದು ಎಂದು ಮೊದಲ ದಿನವೇ ಬರೆದು ಸಹಿ ಹಾಕಿಸಿ, ಇಲ್ಲದಿದ್ದರೆ ಎರಡನೇ ಬೈಠಕ್‌ಗೆ ಗುಮಾಸ್ತರಷ್ಟೇ ಬರುತ್ತಾರೆ.

ಶುರು ಮಾಡಲು ಅಕ್ಟೋಬರ್ ಕೊನೆ ಸರಿ. ಮಳೆಗಾಲದಲ್ಲಿ ಅಂಗಳದಲ್ಲಿ ಒಣಗಿಸುವುದನ್ನು ನಂಬುವಂತಿಲ್ಲ. ಜನವರಿಯ ಆವಕ ಏರಿದ ಮೇಲೆ ಅಳತೆಗಾಗಿ ರೋಲರ್ ನಿಲ್ಲಿಸಲು ಯಾವ ಸಾಹುಕಾರರೂ ಒಪ್ಪುವುದಿಲ್ಲ.