ಸುಮ್ಮನೆ ಕೂರಲು ಆಗದವರಿಗೆ: ವಿಪಶ್ಯನವೋ, ರಮಣರ ದಾರಿಯೋ, ಕಾಯಕವೋ?

ಕೆಲಸ ಮುಗಿದರೂ ಕೈ ಫೋನ್ ಹುಡುಕುತ್ತದೆ, ಯಾವ ದಾರಿ ಹಿಡಿಯಲಿ ಎಂದು ಕೇಳಿದ್ದೀರಿ.

ಮೊದಲು ಸಮಯ. ವಿಪಶ್ಯನ ಅಂದರೆ ಮೈಯ ಸಂವೇದನೆಗಳನ್ನು ಸುಮ್ಮನೆ ಗಮನಿಸುವ ಧ್ಯಾನ. ಅದನ್ನು ಕಲಿಸಿದ ಎಸ್.ಎನ್. ಗೋಯೆಂಕಾ ಅವರ ಪರಂಪರೆಯ ಶಿಬಿರಕ್ಕೆ 10 ದಿನ ಪೂರ್ತಿ ಬಿಡಬೇಕು. ಬೆಳಗಿನ ಜಾವ 4ಕ್ಕೆ ಗಂಟೆ ಹೊಡೆಯುತ್ತದೆ. ಮಾತಿಲ್ಲ, ಫೋನಿಲ್ಲ. ರಮಣ ಮಹರ್ಷಿಗಳ ‘ನಾನು ಯಾರು’ ವಿಚಾರಕ್ಕೆ ರಜೆ ಬೇಡ, ಬಸ್ಸಿನಲ್ಲೂ ಆಗುತ್ತದೆ. ದುಡಿಮೆಯನ್ನೇ ಪೂಜೆಯೆನ್ನುವ ಶರಣರ ಕಾಯಕಕ್ಕೆ ಇರುವ ಕೆಲಸವೇ ಸಾಕು.

ಖರ್ಚು ದೊಡ್ಡ ವಿಷಯವಲ್ಲ. ಶಿಬಿರಕ್ಕೂ ಶುಲ್ಕವಿಲ್ಲ, ಮುಗಿದ ಮೇಲೆ ಇಷ್ಟವಿದ್ದರೆ ದಾನ.

ಅಹಂಕಾರಕ್ಕೆ ನೇರವಾಗಿ ಕೈ ಹಾಕುವುದು ರಮಣರ ದಾರಿ. ‘ನನಗೆ ಪುರುಸೊತ್ತಿಲ್ಲ’ ಎಂದಾಗ ಆ ‘ನಾನು’ ಯಾರೆಂದು ನೋಡುವುದು. ಆದರೆ ಚಡಪಡಿಸುವ ಮನಸ್ಸು ಎರಡೇ ನಿಮಿಷಕ್ಕೆ ಜಾರಿಬಿಡುತ್ತದೆ. ಕಾಯಕದಲ್ಲಿ ಬೇರೆ ಅಪಾಯವಿದೆ: ದುಡಿಮೆಯ ಚಟಕ್ಕೇ ಆ ಹೆಸರು ಇಟ್ಟುಕೊಳ್ಳಬಹುದು, ಅಲ್ವಾ? ಬಿದ್ದ ಅಕ್ಕಿ ಆಯುವುದೇ ಕಾಯಕವಾಗಿದ್ದ 12ನೇ ಶತಮಾನದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಜಾಸ್ತಿ ಅಕ್ಕಿ ಆಯ್ದು ತಂದ. ಹೆಂಡತಿ ಲಕ್ಕಮ್ಮ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಎಂದಳು. ‘ಇಷ್ಟು ಸಾಕು’ ಎನ್ನುವ ಆ ಗೆರೆ ಇದ್ದರೆ ಮಾತ್ರ ಅದು ಕಾಯಕ.

ಫೋನ್ ಬಿಡಲು ಆಗುತ್ತಲೇ ಇಲ್ಲವೆಂದರೆ, ರಜೆಯೂ ಸಿಗುವುದಾದರೆ ಶಿಬಿರ. ಮಾನಸಿಕ ಚಿಕಿತ್ಸೆಯಲ್ಲಿದ್ದರೆ ಮೊದಲು ವೈದ್ಯರನ್ನು ಕೇಳಿ, ಅರ್ಜಿಯಲ್ಲೂ ತಿಳಿಸಿ. ಒಬ್ಬರೇ ಇರಲು ಬರುವವರಿಗೆ ರಮಣರು. ಮನೆ ತುಂಬ ಜವಾಬ್ದಾರಿ ಇದ್ದರೆ ಲಕ್ಕಮ್ಮನ ಲೆಕ್ಕವನ್ನು ಇವತ್ತು ಸಂಜೆಯೇ ಶುರುಮಾಡಬಹುದು.