ಕಮ್ಯುನಿಟಿ ಕಾಲೇಜೋ, ಬೂಟ್‌ಕ್ಯಾಂಪೋ?

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ, ಪ್ರೋಗ್ರಾಮಿಂಗ್ ಕಲಿಯಬೇಕು ಅಂತಿದ್ದೀರಾ?

ಬೂಟ್‌ಕ್ಯಾಂಪ್ ಅಂದರೆ ಕೋಡಿಂಗ್ ಕಲಿಸುವ ಕಿರು ತರಬೇತಿ, ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಆದರೆ ಎಷ್ಟೋ ಕಡೆ ಖರ್ಚು 10,000 ಡಾಲರ್ ದಾಟುತ್ತದೆ.

ಕ್ಯುಪರ್ಟಿನೋದ ಡಿ ಆನ್ಜಾದಂಥ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜು) ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ, ಅಂದರೆ ಕೋರ್ಸಿನ ಗಾತ್ರ ಅಳೆಯುವ ಲೆಕ್ಕಕ್ಕೆ, 31 ಡಾಲರ್. 4.5 ಯೂನಿಟ್‌ನ ಒಂದು ಕೋರ್ಸ್‌ಗೆ ಸುಮಾರು 140 ಡಾಲರ್ ಆಯಿತು. ಪುಸ್ತಕ, ಸಣ್ಣಪುಟ್ಟ ಶುಲ್ಕ ಬೇರೆ. ಆದರೆ ನಿವಾಸಿ ಅನ್ನಿಸಿಕೊಳ್ಳಲು ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಇದ್ದಿರಬೇಕು. ಇಲ್ಲದಿದ್ದರೆ ಫೀಸು ಹಲವು ಪಟ್ಟು ಏರುತ್ತದೆ, ಇದನ್ನು ಮೊದಲೇ ವಿಚಾರಿಸಿ.

ಕಾಲೇಜಿನ ದಾರಿ ನಿಧಾನ, ನಿಜ. ಆದರೆ ಒಂದೊಂದೇ ಕೋರ್ಸ್ ತಗೊಳ್ಳಬಹುದು, ಆನ್‌ಲೈನ್ ಕ್ಲಾಸೂ ಇವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದು ದೊಡ್ಡ ಅನುಕೂಲ ಅಲ್ವಾ? ಮುಂದೆ ಡಿಗ್ರಿ ಮಾಡಲು ಕ್ರೆಡಿಟ್ಟೂ (ಮುಗಿಸಿದ ಕೋರ್ಸಿಗೆ ಸಿಗುವ ಅಂಕ) ಕೈಯಲ್ಲಿರುತ್ತದೆ.

ಕೋಡ್ ಬರೆದು ರೂಢಿಯಿದ್ದವರಿಗೆ ಬೂಟ್‌ಕ್ಯಾಂಪ್ ಸಾಕು. ಹೊಸಬರಿಗೆ ನಾನು ಕಾಲೇಜನ್ನೇ ಹೇಳುತ್ತೇನೆ.